ಓದದೆ ಬಿಟ್ಟ ಸಾಲು

ಇಮಾಮಸಾಬ ನದಾಫನ ಮಗಳು ಮೆಹಬೂಬಿ ಮೂರನೆಯ ಸಲ ಅದೇ ದೂರು ಹೊತ್ತು ಬಂದಾಗ ಕೌಂಟರಿನವರಿಗೆ ಸಾಕಾಗಿಹೋಗಿತ್ತು. "ಹಿಂದಿನ ಕಟ್ಟಡದಾಗ ಮಡಿವಾಳಪ್ಪನವರು ಅಂತ ಅದಾರವಾ, ಪ್ರೋಗ್ರಾಮು ಬರದವರು ಅವರ. ಅವರನ್ನ ಕೇಳು ಹೋಗು" ಎಂದು ಸಾಗಹಾಕಿದರು.

ಮಡಿವಾಳಪ್ಪ ಹುಣಸಿಕಟ್ಟಿಯ ಕೋಣೆಗೆ ಹೊರಗಿನವರು ಬರುವುದು ವರ್ಷಕ್ಕೊಮ್ಮೆಯೂ ಇರಲಿಲ್ಲ. ಧಾರವಾಡದ ಕೆಲಗೇರಿ ಕೆರೆಯಾಚೆ ಒಳದನಿ ಕೇಂದ್ರ ಶುರುವಾದ ವರ್ಷದಿಂದಲೂ ಅವನು ಅಲ್ಲೇ ಇದ್ದ. ಬೆಳಗ್ಗೆ ಒಂಬತ್ತಕ್ಕೆ ಬಂದು ಕುಳಿತರೆ, ಮಧ್ಯಾಹ್ನ ಡಬ್ಬಿಯ ರೊಟ್ಟಿಯನ್ನು ಅಲ್ಲೇ ಬಿಚ್ಚಿ ತಿಂದು, ಸಂಜೆ ಆರಕ್ಕೆ ಎದ್ದುಹೋಗುವವರೆಗೆ ಅವನ ಕಿವಿಗೆ ಬೀಳುತ್ತಿದ್ದದ್ದು ಸರ್ವರುಗಳ ಫ್ಯಾನಿನ ಸದ್ದೊಂದೇ. ಐವತ್ತೆಂಟರ ಮನುಷ್ಯ. ಮಕ್ಕಳಿಲ್ಲ. ಹೆಂಡತಿ ನೀಲಾಂಬಿಕಾ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮೆಹಬೂಬಿ ಬಾಗಿಲಲ್ಲಿ ನಿಂತಾಗ ಅವನಿಗೆ ಮೊದಲು ಹೊಳೆದದ್ದು, ಕೋಣೆಯಲ್ಲಿ ಎರಡನೆಯ ಕುರ್ಚಿಯೇ ಇಲ್ಲ ಎಂಬುದು. ತನ್ನ ಕುರ್ಚಿಯನ್ನೇ ಅವಳ ಕಡೆ ನೂಕಿ ತಾನು ಮೇಜಿಗೆ ಒರಗಿ ನಿಂತ.

"ನಿಮ್ಮ ಯಂತ್ರ ನಮ್ಮಪ್ಪನ ಮಾತು ನುಂಗಾಕತ್ತೈತ್ರಿ" ಎಂದಳು ಅವಳು, ಕೂರದೆಯೇ.

"ಯಾವ ಮಾತವಾ?"

"ಚಿಲಕದ ಮಾತ್ರಿ."

ಪಾರ್ಶ್ವವಾಯು ಬಡಿದು ನಾಲಿಗೆ, ಕೈ, ಕಾಲು ಎಲ್ಲ ನಿಂತುಹೋದವರಿಗಾಗಿ ಇದ್ದ ಕೇಂದ್ರ ಅದು. ಅವರ ಕಿವಿಯ ಹಿಂದೆ ಚರ್ಮದಡಿಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಜಾಲರಿ ಕೂರಿಸುತ್ತಿದ್ದರು. ಮನುಷ್ಯ ಮಾತನ್ನು ಬಾಯಿಗೆ ತರುವ ಮೊದಲು ಒಳಗೆ ಆಡಿಕೊಳ್ಳುತ್ತಾನಲ್ಲ, ಆ ಒಳದನಿಯನ್ನು ಜಾಲರಿ ಹಿಡಿದು ಅಕ್ಷರ ಮಾಡುತ್ತಿತ್ತು. ಆಗಿಂದಾಗಲೇ ಧ್ವನಿಯಾಗಿ ಕೇಳಿಸಲು ಅದಕ್ಕೆ ಬರುತ್ತಿರಲಿಲ್ಲ. ಒಂದೊಂದು ಪದವನ್ನೂ ತಡಕಾಡಿ, ತಿದ್ದಿ, ದಿನವಿಡೀ ನಿಧಾನಕ್ಕೆ ಒಂದು ಫೈಲಿಗೆ ಬರೆಯುತ್ತಿತ್ತು. ಒಂದು ಮಾತು ಮುಗಿದಾಗ ರೋಗಿ ಮನಸ್ಸಿನಲ್ಲೇ ಬಲಗೈ ಹೆಬ್ಬೆರಳನ್ನು ಒತ್ತಬೇಕು. ಆಗ ಸಾಲು ಮುಗಿದ ಗುರುತು ಬಿದ್ದು ಹೊಸ ಸಾಲು ಆರಂಭವಾಗುತ್ತಿತ್ತು. ಸಂಜೆ ಏಳಕ್ಕೆ ಫೈಲು ತಾನೇ ಮುಚ್ಚಿಕೊಂಡು, ಯಾರೂ ತೆರೆಯದಂತೆ ಅದಕ್ಕೆ ಮುದ್ರೆ ಬೀಳುತ್ತಿತ್ತು. ಮರುದಿನ ಬೆಳಗ್ಗೆ ಮನೆಯವರ ಕೈಗೆ ಒಂದು ಹಾಳೆ. ರೋಗಿಗೆ ಮಾತ್ರ ಅದನ್ನು ತೋರಿಸುವಂತಿರಲಿಲ್ಲ, ಓದಿ ಹೇಳುವಂತೆಯೂ ಇರಲಿಲ್ಲ. ತನ್ನದೇ ಮಾತು ಕಿವಿಗೆ ಬಿದ್ದರೆ ಮಿದುಳು ಅದನ್ನೇ ಮತ್ತೆ ಮತ್ತೆ ಆಡಿಕೊಂಡು ಇಡೀ ಫೈಲು ಕಲಸಿಹೋಗುತ್ತಿತ್ತು. ಹಾಳೆ ಓದಿಕೊಂಡು ಬಂದವರು ಹಾಸಿಗೆಯ ಪಕ್ಕ ಕೂತು ಉತ್ತರ ಹೇಳುವುದು, ಅಷ್ಟೇ.

ಮೆಹಬೂಬಿ ತನ್ನ ಚೀಲದಿಂದ ಹಾಳೆಗಳ ದಪ್ಪ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ನಾ ಹುಟ್ಟಿದಾಗಿಂದ, ಮಲಗೋ ಮುಂದ ನಮ್ಮಪ್ಪ ಕೇಳೋದು ಒಂದ ಮಾತ್ರಿ. 'ಚಿಲಕ ಹಾಕಿ ಏನವಾ' ಅಂತ. ಹಾಕೀನಪಾ ಅಂದ ಮ್ಯಾಲೇನ ಕಣ್ಣು ಮುಚ್ಚಾಂವ. ಜ್ವರ ಬಂದಾಗೂ ಕೇಳ್ಯಾನ, ನಮ್ಮವ್ವ ಸತ್ತ ದಿನಾನೂ ಕೇಳ್ಯಾನ. ಇಲ್ಲಿ ಮಲಗಿ ಎಂಟು ತಿಂಗಳಾತು. ಅಂಗಡಿ ಬಗ್ಗೆ ಕೇಳ್ಯಾನ, ಗಾದಿಗೆ ಅರಳಿ ತುಂಬೋದರ ಬಗ್ಗೆ ಕೇಳ್ಯಾನ, ಮಗ್ಗಲ ಮನಿ ಆಡು ಈದೈತೋ ಇಲ್ಲೋ ಅಂತ ಕೇಳ್ಯಾನ. ಚಿಲಕ ಹಾಕಿ ಏನು ಅಂತ ಒಂದು ದಿನಾನೂ ಕೇಳಿಲ್ಲ."

"ಮರತಿರಬೇಕವಾ. ಮಿದುಳಿಗೆ ಪೆಟ್ಟು ಬಿದ್ದವರು—"

"ಉಸಿರಾಡೋದು ಮರೀತಾರೇನ್ರಿ?"

ಮಡಿವಾಳಪ್ಪ ಹಾಳೆಗಳ ಕಡೆ ಬಾಗಿದ.

"ಇನ್ನೊಂದು ನೋಡ್ರಿ" ಎಂದು ಅವಳು ಹಾಳೆಗಳನ್ನು ತಿರುವಿದಳು. ಅಲ್ಲಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದಳು. "'ನಿನ್ನೆ ಕೇಳಿದ್ನಲ್ಲ, ಯಾಕ ಹೇಳವಲ್ಲಿ' ಅಂತ ಹತ್ತು ಹನ್ನೆರಡು ಸಲ ಬಂದೈತಿ. ಏನು ಕೇಳಿದ್ದ? ಹಿಂದಿನ ದಿನದ ಹಾಳಿಯೊಳಗ ಏನೂ ಇಲ್ಲ. ಡಾಕ್ಟರನ್ನ ಕೇಳಿದ್ರ, ಕೇಳದ ಇದ್ರೂ ಕೇಳೇನಿ ಅಂತ ಅನಸ್ತೈತಿ, ಅದೊಂದು ರೋಗಲಕ್ಷಣ ಅಂದ್ರು."

ಆ ಲಕ್ಷಣ ಮಡಿವಾಳಪ್ಪನಿಗೂ ಗೊತ್ತಿತ್ತು. ಕೇಂದ್ರದ ವರದಿಗಳಲ್ಲಿ ಅದಕ್ಕೊಂದು ಹೆಸರೇ ಇತ್ತು: ಹುಸಿನೆನಪು. ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ ಕಂಡುಬಂದದ್ದು.

ಅವನು ಅವಳಿಂದ ಒಪ್ಪಿಗೆಯ ಸಹಿ ಪಡೆದು, ಹಿಂದಿನ ದಿನದ ಫೈಲಿನ ಮುದ್ರೆ ಒಡೆದ. ರೋಗಿಯ ಖಾಸಗಿ ಮಾತು ಎಂಬ ಕಾರಣಕ್ಕೆ ಮೂಲ ಫೈಲನ್ನು ಯಾರೂ ತೆರೆಯುತ್ತಿರಲಿಲ್ಲ. ತೆರೆದು ಓದುತ್ತಿದ್ದದ್ದು ಅವನು ಬರೆದ ಪ್ರೋಗ್ರಾಮು ಒಂದೇ. ಮೊದಲು ಅಳತೆ ನೋಡಿದ. ಫೈಲಿನಲ್ಲಿದ್ದದ್ದು ಎರಡು ಸಾವಿರದ ಮುನ್ನೂರ ಮೂವತ್ತು ಅಕ್ಷರ. ಹಾಳೆಗೆ ಬಂದದ್ದು ಎರಡು ಸಾವಿರದ ಮುನ್ನೂರ ಇಪ್ಪತ್ತೆರಡು. ತನ್ನ ಪ್ರೋಗ್ರಾಮನ್ನು ಬದಿಗಿಟ್ಟು, ಫೈಲಿನ ಒಡಲನ್ನು ಹಾಗೆಯೇ ಪರದೆಯ ಮೇಲೆ ಸುರಿದ. ಕೊನೆಯ ಗುರುತಿನ ಆಚೆ, ಮುಗಿದ ಗುರುತಿಲ್ಲದೆ, ಮೂರು ಪದ ನಿಂತಿದ್ದವು.

ಚಿಲಕ ಹಾಕಿ ಏನವಾ

ಮೆಹಬೂಬಿ ಸೆರಗನ್ನು ಬಾಯಿಗೊತ್ತಿಕೊಂಡಳು. ಅವನು ಅದಕ್ಕೂ ಹಿಂದಿನ ದಿನದ್ದನ್ನು ತೆರೆದ, ಅದರ ಹಿಂದಿನದ್ದನ್ನು ತೆರೆದ. ಎಲ್ಲದರ ಕೊನೆಯಲ್ಲೂ ಅದೇ. ಆರನೆಯದನ್ನು ತೆರೆಯುವ ಹೊತ್ತಿಗೆ ಅವಳು ಕೋಣೆಯಲ್ಲಿರಲಿಲ್ಲ. ಅಂಗಳ ದಾಟಿ ವಾರ್ಡಿನ ಕಡೆ ಓಡುತ್ತಿದ್ದದ್ದು ಕಿಟಕಿಯಿಂದ ಕಾಣಿಸಿತು. ಒಂದು ಚಪ್ಪಲಿ ಅಂಗಳದ ನಡುವೆಯೇ ಉಳಿದಿತ್ತು.

*

ತಪ್ಪು ಹುಡುಕಲು ಅವನಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. 'ಓದುಗ' ಎಂಬ ಕ್ಲಾಸನ್ನು, ಅಂದರೆ ಪ್ರೋಗ್ರಾಮಿನ ಆ ಮೂಲ ಅಚ್ಚನ್ನು, ಹನ್ನೆರಡು ವರ್ಷದ ಹಿಂದೆ ಬರೆದವನು ಅವನೇ. ಒಂದು ಫೈಲಿಗೆ ಒಬ್ಬ ಓದುಗ. ಅವನ ಕೆಲಸ ಸರಳ: ಫೈಲು ತೆರೆಯುವುದು, ಎಲ್ಲಿಗೆ ಬಂದೆ ಎಂಬ ಲೆಕ್ಕ ಇಟ್ಟುಕೊಳ್ಳುವುದು, 'ಮುಂದಿನ ಸಾಲು ಕೊಡು' ಎಂದಾಗ ಒಂದೊಂದೇ ಅಕ್ಷರ ಎತ್ತಿ ಬೊಗಸೆಯಲ್ಲಿ ತುಂಬಿಕೊಳ್ಳುವುದು, ಸಾಲು ಮುಗಿದ ಗುರುತು ಸಿಕ್ಕ ಕೂಡಲೇ ಬೊಗಸೆಯಲ್ಲಿದ್ದದ್ದನ್ನು ಕೊಟ್ಟುಬಿಡುವುದು. ಗುರುತು ಸಿಗುವ ಮೊದಲೇ ಫೈಲು ಮುಗಿದರೆ? ಆಗ ಓದುಗ 'ಇನ್ನೇನೂ ಇಲ್ಲ' ಎಂದು ಹೇಳಿ ಕೈ ಝಾಡಿಸಿ ಎದ್ದುಬಿಡುತ್ತಿದ್ದ. ಸೇರು ತುಂಬಿದರಷ್ಟೇ ಅಳೆದುಕೊಟ್ಟು, ತಳದಲ್ಲಿ ಉಳಿದ ಅರ್ಧ ಸೇರನ್ನು ಚೀಲದ ಸಮೇತ ಕೊಡವಿ ಎಸೆಯುವ ಅಂಗಡಿಯವನ ಹಾಗೆ.

ಬರೆದಾಗ ಪರೀಕ್ಷಿಸಿಯೂ ಇದ್ದ. ಆದರೆ ಪರೀಕ್ಷೆಗೆ ಬಳಸಿದ ಫೈಲುಗಳನ್ನು ತಾನೇ ಕೀಲಿಮಣೆಯಲ್ಲಿ ಒತ್ತಿ ಮಾಡಿದ್ದ. ಅವನ ಕಂಪ್ಯೂಟರು ಪ್ರತಿ ಫೈಲಿನ ಕೊನೆಗೂ ಕೇಳದೆಯೇ ಒಂದು ಗುರುತು ಹಾಕಿ ಉಳಿಸುತ್ತಿತ್ತು. ಹಾಸಿಗೆಯಲ್ಲಿ ಮಲಗಿದವರು ಹಾಗಲ್ಲ. ಸಂಜೆಯ ಹೊತ್ತಿಗೆ ದಣಿದು, ಮಾತಿನ ಮಧ್ಯದಲ್ಲೋ ಕೊನೆಯಲ್ಲೋ ಹೆಬ್ಬೆರಳು ಒತ್ತುವ ಶಕ್ತಿಯಿಲ್ಲದೆ ನಿದ್ದೆಗೆ ಜಾರುತ್ತಿದ್ದರು. ಆಮೇಲೆ ಬಂದ ಪ್ರೋಗ್ರಾಮುಗಳೆಲ್ಲ, ಹಾಳೆ ಅಚ್ಚು ಮಾಡುವುದು, ಡಾಕ್ಟರಿಗೆ ಸಾರಾಂಶ ಕೊಡುವುದು, ನೋವಿನ ಮಾತು ಬಂದರೆ ನರ್ಸಿಗೆ ಎಚ್ಚರಿಕೆ ಕೊಡುವುದು, ಎಲ್ಲವೂ ಆ ಓದುಗನಿಂದಲೇ ಹುಟ್ಟಿದ ಮರಿ ಕ್ಲಾಸುಗಳು. ಅಜ್ಜನ ಮೂಗು ಮೊಮ್ಮಕ್ಕಳಿಗೆ ಬರುವಂತೆ ಅಜ್ಜನ ಕುರುಡೂ ಎಲ್ಲಕ್ಕೂ ಬಂದಿತ್ತು.

ಎರಡು ಸಾಲು ಸೇರಿಸಿದರೆ ಸರಿಹೋಗುವ ತಪ್ಪು. ಸೇರಿಸಿದ. ಮತ್ತೆ ಮತ್ತೆ ಓಡಿಸಿ ನೋಡಿದ. ಆಮೇಲೆ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಪ್ರಭಾವತಿ ಹೆಗ್ಗೇರಿಯವರ ಕೋಣೆಗೆ ಹೋಗಿ, ನಿಂತೇ ಎಲ್ಲ ಹೇಳಿದ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹುಸಿನೆನಪು ಅಂತ ನಾನು ಪ್ರಬಂಧ ಬರದೀನಿ, ಮಡಿವಾಳಪ್ಪನವರ" ಎಂದರು. "ಔಷಧಾನೂ ಕೊಟ್ಟೀನಿ, ಆ ಲಕ್ಷಣ ಕಡಿಮಿ ಆಗ್ಲಿ ಅಂತ."

"ತಪ್ಪು ನಂದ್ರಿ. ಬರಕೊಡ್ತೇನಿ."

"ಬರಕೊಡ್ರಿ. ಈಗ ಇಲ್ಲಿ ಇರೋರದು ಇವತ್ತಿಂದ ಸರಿ ಆಗ್ತದ, ಅವರ ಮನಿಯವರಿಗೆ ನಾನ ಹೇಳ್ತೀನಿ. ಹೋದವರು?"

ಹನ್ನೆರಡು ವರ್ಷದಲ್ಲಿ ಆ ವಾರ್ಡಿನಿಂದ ಹೆಣವಾಗಿ ಹೋದವರು ಆರುನೂರಕ್ಕೂ ಹೆಚ್ಚು. ಅವರ ಫೈಲುಗಳೆಲ್ಲ ಮುದ್ರೆಯೊಳಗೆ ಹಾಗೆಯೇ ಇದ್ದವು.

"ಅವರ ಮನಿಯವರಿಗೂ ಕೊಡಬೇಕ್ರಿ."

"ಕೊಟ್ಟು? ಅಳೂದು ಮುಗಿಸಿ, ಹೆಂಗೋ ಒಂದು ದಾರಿ ಹಿಡದಿರ್ತಾರ. ಈಗ ಹೋಗಿ, ನಿಮ್ಮಪ್ಪ ದಿನಾ ಸಂಜಿಕೆ ಏನೋ ಕೇಳ್ತಿದ್ದ, ನೀವು ಉತ್ತರ ಕೊಡಲಿಲ್ಲ ಅಂತ ಹೇಳೂದ? ಯಾರಿಗೆ ಉಪಕಾರ ಅದು?" ಆಮೇಲೆ ದನಿ ತಗ್ಗಿಸಿ ಕೇಳಿದರು: "ನಿಮ್ಮ ನೀಲಾಂಬಿಕಾ ಅವರದೂ ಅದರಾಗ ಅದ ಅಲ್ಲ?"

"ಅದಾವ್ರಿ. ಮೂರು ವರ್ಷದ್ದು."

"ಮೊದಲು ಅವನ್ನ ಓದ್ರಿ. ಓದಿ, ಇದು ಕೊಡೋವಂಥದ್ದೋ ಅಲ್ಲೋ ನೀವ ಹೇಳ್ರಿ. ನೀವು ಕೊಡ್ರಿ ಅಂದ್ರ ಕೊಡೂಣು."

*

ಮಡಿವಾಳಪ್ಪ ಆ ವಾರವೆಲ್ಲ ಓದಲಿಲ್ಲ. ದಿನಾ ಬಂದ, ಕೆಲಸ ಮಾಡಿದ, ಹೋದ. ಮನೆಯಲ್ಲಿ ಒಬ್ಬನಿಗೆಂದು ಅನ್ನಕ್ಕಿಟ್ಟು, ಕುಕ್ಕರು ಕೂಗುವವರೆಗೆ ಅದರ ಮುಂದೆಯೇ ನಿಂತಿರುತ್ತಿದ್ದ. ಇತ್ತ ವಾರ್ಡಿನಲ್ಲಿ ಸುದ್ದಿ ಹಬ್ಬಿತ್ತು. ಇಮಾಮಸಾಬ ಈಗ ಸಂಜೆ ಏಳರೊಳಗೇ ನೆಮ್ಮದಿಯಿಂದ ನಿದ್ದೆ ಮಾಡುತ್ತಾನೆಂದು ನರ್ಸು ಹೇಳಿದಳು. ಮೆಹಬೂಬಿ ಒಂದು ಮಧ್ಯಾಹ್ನ ಬಂದು, ಹೊಸ ಹಾಳೆಯೊಂದನ್ನು ಅವನ ಮುಂದೆ ಹಿಡಿದಳು. ಮೊದಲ ಸಾಲಿನಲ್ಲಿ ಇತ್ತು: ಎಂಟು ತಿಂಗಳು ಬಾಗಲಾ ತಗದಿಟ್ಟು ಮಲಗಿದ್ಯಲ್ಲವಾ ಹುಚ್ಚಿ.

"ಬೈದಾನ್ರಿ!" ಎಂದು ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಹೋದಳು. ಅದರಲ್ಲಿ ನಾಲ್ಕು ಮಾದಲಿ ಉಂಡೆಗಳಿದ್ದವು. ಮಡಿವಾಳಪ್ಪ ಒಂದನ್ನು ಬಾಯಿಗಿಟ್ಟುಕೊಂಡ. ಉಳಿದ ಮೂರನ್ನು ಮುಚ್ಚಿಟ್ಟು ಮತ್ತೆ ಕೆಲಸಕ್ಕೆ ಕೂತ.

ಭಾನುವಾರ ಬೆಳಗ್ಗೆ ಹಿಂದಿನ ಕಟ್ಟಡದಲ್ಲಿ ಯಾರೂ ಇರದ ಹೊತ್ತಿಗೆ ಬಂದು, ನೀಲಾಳ ಫೈಲುಗಳನ್ನು ತೆರೆದ.

ಅವಳಿಗೆ ಪಾರ್ಶ್ವವಾಯು ಬಡಿದಾಗ ಅವನು ಕಾಲೇಜೊಂದರಲ್ಲಿ ಕಂಪ್ಯೂಟರು ಕಲಿಸುತ್ತಿದ್ದ. ಹೊಸದಾಗಿ ಶುರುವಾಗಿದ್ದ ಈ ಕೇಂದ್ರದಲ್ಲಿ ಜಾಲರಿ ಇತ್ತು, ಅದು ಬರೆದದ್ದನ್ನು ಓದುವ ಪ್ರೋಗ್ರಾಮು ಇರಲಿಲ್ಲ. ಹೆಂಡತಿಯ ಹಾಸಿಗೆ ಎಲ್ಲೋ ಅಲ್ಲೇ ನೌಕರಿ ಎಂದು ಬಂದು ಸೇರಿದ. ಹದಿನೆಂಟು ದಿನ ಕೂತು ಓದುಗನನ್ನು ಬರೆದ. ಮೊದಲ ಹಾಳೆ ಅಚ್ಚಾಗಿ ಬಂದದ್ದು ನೀಲಾಳದ್ದು. ಬೆನ್ನು ಕಡಿಯಾಕತ್ತೈತಿ ಎಂಬ ಒಂದೇ ಸಾಲು ಅದರಲ್ಲಿತ್ತು. ಮಡಿವಾಳಪ್ಪ ಅದನ್ನು ಹಿಡಿದುಕೊಂಡು ಎಲ್ಲರೆದುರು ಗೊಳೋ ಎಂದು ಅತ್ತಿದ್ದ. ಆಮೇಲೆ ಮೂರು ವರ್ಷ ದಿನವೂ ಬೆಳಗ್ಗೆ ಹಾಳೆ ಓದಿ, ಅವಳ ಪಕ್ಕ ಕೂತು, ಸಾಲುಸಾಲಿಗೂ ಉತ್ತರ ಹೇಳಿದ್ದ. ಒಂದನ್ನೂ ಬಿಟ್ಟಿರಲಿಲ್ಲ. ಅವಳು ಹೋದ ಮೇಲೆ ಅವನನ್ನು ಇಷ್ಟು ವರ್ಷ ನಿಲ್ಲಿಸಿದ್ದದ್ದು ಆ ಒಂದು ಸಮಾಧಾನ.

ಕಡೆಯ ಸಾಲುಗಳನ್ನಷ್ಟೇ ತಾರೀಖಿನ ಪ್ರಕಾರ ಎತ್ತಿ ಒಂದರ ಕೆಳಗೊಂದು ಜೋಡಿಸಿದ. ಒಂಬೈನೂರಕ್ಕೂ ಹೆಚ್ಚಿದ್ದವು. ಕೆಲವು ಬರೀ ಅರ್ಧ ಪದ. ಕೆಲವು ನಿದ್ದೆಗಣ್ಣಿನ ತೊದಲು. ಉಳಿದವು, ಅದರಲ್ಲೂ ಮೊದಮೊದಲಿನವು, ಪ್ರಶ್ನೆಗಳು.

ನಿಮ್ಮ ಕೆಮ್ಮು ಹೆಂಗೈತಿ

ಹಸರ ಅಂಗಿ ಗುಂಡಿ ಯಾರು ಹಚ್ಚಿಕೊಟ್ರು

ಕೆಮ್ಮಿಗೆ ಡಾಕ್ಟರಗೆ ತೋರ್ಸಿದ್ರೇನು

ಅವನಿಗೆ ಆ ಕೆಮ್ಮು ನೆನಪಾಯಿತು. ಆ ವರ್ಷ ತಿಂಗಳುಗಟ್ಟಲೆ ಬಿಟ್ಟಿರಲಿಲ್ಲ. ಅವಳ ಪಕ್ಕದಲ್ಲೇ ಕೂತು ಕೆಮ್ಮುತ್ತ, ಬೆನ್ನು ಕಡಿತದ ಬಗ್ಗೆ, ಹಾಲಿನವನ ಬಗ್ಗೆ, ಫ್ಯಾನಿನ ಸದ್ದಿನ ಬಗ್ಗೆ ಮಾತಾಡಿದ್ದ. ಕೆಮ್ಮಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ದಿನವಿಡೀ ಅದು ಇದು ಹೇಳಿ, ಮನಸ್ಸಿಗೆ ಹತ್ತಿರದ್ದನ್ನು ಕಡೆಗೆ ಇಟ್ಟುಕೊಳ್ಳುವುದು ನೀಲಾಳ ಸ್ವಭಾವ. ಚೆನ್ನಾಗಿದ್ದಾಗಲೂ ದೀಪ ಆರಿಸಿದ ಮೇಲೆಯೇ ಅವಳ ನಿಜವಾದ ಮಾತು ಹೊರಡುತ್ತಿತ್ತು. ಇದನ್ನು ಬಲ್ಲವನು ಲೋಕದಲ್ಲಿ ಅವನೊಬ್ಬನೇ.

ಐದನೆಯ ತಿಂಗಳಿಗೆ ಬಂದಾಗ ಅವನ ಕೈ ನಿಂತಿತು.

ದಾಕ್ಷಿಗೆ ತಿಳಸಿದ್ರೇನು

ದಾಕ್ಷಾಯಣಿ, ನೀಲಾಳ ತಂಗಿ, ಗುಳೇದಗುಡ್ಡದವಳು. ಅಕ್ಕತಂಗಿಯರ ನಡುವೆ ಮಾತು ನಿಂತು ಆಗಲೇ ನಾಲ್ಕು ವರ್ಷವಾಗಿತ್ತು. ತಾಯಿ ತೀರಿಕೊಂಡ ದಿನ ಮಲಪ್ರಭೆ ತುಂಬಿ ಬಸ್ಸು ತಡವಾಯಿತು. ನೀಲಾ ಮುಟ್ಟುವಷ್ಟರಲ್ಲಿ, ಅಕ್ಕನಿಗೆ ಕಾಯದೆ, ದಾಕ್ಷಾಯಣಿ ಮಣ್ಣು ಮಾಡಿಸಿ ಮುಗಿಸಿದ್ದಳು. "ಅವ್ವನ ಮಾರಿ ನೋಡಾಕ ಬಿಡಲಿಲ್ಲಲ್ಲ ನೀನು" ಎಂದು ನೀಲಾ ಬೀದಿಯಲ್ಲೇ ನಿಂತು ಕೂಗಾಡಿ ಬಂದಿದ್ದಳು. ಮನೆಗೆ ಬಂದ ಮೇಲೆ ಮಡಿವಾಳಪ್ಪನೂ ಸಿಟ್ಟಿನಲ್ಲಿ, "ಇನ್ನ ಆಕಿ ಹೆಸರು ಈ ಮನ್ಯಾಗ ಎತ್ತಬ್ಯಾಡ" ಎಂದಿದ್ದ. ನೀಲಾ ಎತ್ತಿರಲಿಲ್ಲ. ಕಾಯಿಲೆ ಬಿದ್ದಾಗಲೂ, ಸತ್ತಾಗಲೂ, ಅವಳ ಇಚ್ಛೆ ಅದೇ ಎಂದುಕೊಂಡು ಅವನು ಗುಳೇದಗುಡ್ಡಕ್ಕೆ ಸುದ್ದಿ ಮುಟ್ಟಿಸಿರಲಿಲ್ಲ.

ದಾಕ್ಷಿಗೆ ಒಂದು ಮಾತು ಹೇಳಿ ಕಳಸ್ರಿ

ದಾಕ್ಷಿ ಏನಂದ್ಳು

ಬರೂದಿಲ್ಲ ಅಂದ್ಳೇನು

ಸಿಟ್ಟು ಆಕಿಗೋ ನಿಮಗೋ

ನಡುನಡುವೆ ಬೇರೆ ಮಾತುಗಳೂ ಇದ್ದವು. ಆದರೆ ಎರಡು ಮೂರು ದಿನಕ್ಕೊಮ್ಮೆ ಈ ಹೆಸರು ಬಂದೇ ಬರುತ್ತಿತ್ತು. ಮೂರು ತಿಂಗಳು ಹೀಗೆ ನಡೆದು, ಶ್ರಾವಣದ ಒಂದು ದಿನ:

ಹೇಳಬಾರದು ಅಂತಿದ್ರ ಬಿಡ್ರಿ ನಾ ಇನ್ನ ಕೇಳೂದಿಲ್ಲ

ಆ ಮರುದಿನದ ಬೆಳಗು ಅವನಿಗೆ ಚೆನ್ನಾಗಿ ನೆನಪಿತ್ತು. ನೀಲಾಳಿಗೆ ಅಲುಗಾಡಿಸಲು ಉಳಿದಿದ್ದದ್ದು ಕಣ್ಣುಗಳು ಮಾತ್ರ. ಅವನು ಬಂದು ಕೂತ ಕೂಡಲೇ ಅವಳು ಕಣ್ಣನ್ನು ಕಿಟಕಿಯ ಕಡೆ ತಿರುಗಿಸಿದ್ದಳು, ಅವನು ಏಳುವವರೆಗೂ ಈಚೆ ತಂದಿರಲಿಲ್ಲ. ಬೆಳಕು ಇಷ್ಟವಾಗಿರಬೇಕು ಎಂದುಕೊಂಡು ಅವನು ನರ್ಸಿಗೆ ಹೇಳಿ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದ್ದ. ಒಳ್ಳೆಯ ಕೆಲಸ ಮಾಡಿದೆನೆಂದು ಅಂದು ಹಿಗ್ಗಿನಿಂದ ಮನೆಗೆ ಹೋಗಿದ್ದ.

ಮಾತು ಕೊಟ್ಟಂತೆ ಅವಳು ಮತ್ತೆ ಕೇಳಿರಲಿಲ್ಲ. ಎರಡು ವರ್ಷಕ್ಕೂ ಮಿಕ್ಕಿ, ನೂರಾರು ಕಡೆಯ ಸಾಲುಗಳಲ್ಲಿ ಆ ಹೆಸರಿರಲಿಲ್ಲ. ಪ್ರಶ್ನೆಗಳೂ ಕಡಿಮೆಯಾಗುತ್ತ ಹೋಗಿ ಕಡೆಗೆ ನಿಂತೇಹೋಗಿದ್ದವು. ಸಾಯುವ ನಾಲ್ಕು ದಿನ ಮೊದಲಿನ ಫೈಲಿನಲ್ಲಿ ಮಾತ್ರ ಮತ್ತೊಮ್ಮೆ:

ದಾಕ್ಷಿ ಬಂದ್ರ

ಅಲ್ಲಿಗೆ ಫೈಲು ಮುಗಿದಿತ್ತು. ಅದರ ಮುಂದಿನವು ಖಾಲಿ.

ಫ್ಯಾನುಗಳು ತಿರುಗುತ್ತಿದ್ದವು. ಹೆಂಡತಿ ಸತ್ತ ಮೇಲೆ ತಾನು ಒಂಟಿಯಾದೆನೆಂದು ಅವನು ಒಂಬತ್ತು ವರ್ಷ ನಂಬಿಕೊಂಡು ಬಂದಿದ್ದ. ಅವಳು ಅವನ ಕಣ್ಣೆದುರಿಗೇ, ದಿನಾ ಅವನ ಕೈ ತನ್ನ ಕೈಮೇಲಿದ್ದಾಗಲೇ, ಅದಕ್ಕಿಂತ ಮೂರು ವರ್ಷ ಮೊದಲು ಒಂಟಿಯಾಗಿದ್ದಳು.

ಸೋಮವಾರ ಡಾಕ್ಟರ್ ಹೆಗ್ಗೇರಿಯವರ ಕೋಣೆಗೆ ಹೋಗಿ, "ಕೊಡೂಣ್ರಿ. ಕೇಳಿದವರಿಗೆಲ್ಲ ಕೊಡೂಣು" ಎಂದ.

ಅವರು ಅವನ ಮುಖ ನೋಡಿದರು. "ಇಷ್ಟು ತ್ರಾಸು ಆಗಿದ್ರೂ?"

"ಆ ಮಾತು ನಮ್ಮವಲ್ಲರಿ. ಅವು ಮುಟ್ಟಬೇಕಾದ ಮನಿಗಳು ಬ್ಯಾರೆ ಅದಾವು."

*

ಕೇಂದ್ರದಿಂದ ಎಲ್ಲ ಮನೆಗಳಿಗೂ ಕಾಗದ ಹೋಯಿತು. ನಿಮ್ಮವರ ಕೆಲವು ಮಾತುಗಳು ನಮ್ಮ ತಪ್ಪಿನಿಂದ ನಿಮಗೆ ಮುಟ್ಟಿಲ್ಲ, ಬೇಕಿದ್ದರೆ ಬಂದು ಪಡೆಯಬಹುದು, ಬೇಡವೆಂದರೆ ಹಾಗೆಯೇ ಮುದ್ರೆಯಲ್ಲಿ ಇರುತ್ತವೆ ಎಂದು. ಅರ್ಧದಷ್ಟು ಜನ ಬರಲೇ ಇಲ್ಲ. ಬಂದವರಿಗೆ ಲಕೋಟೆ ಕೊಡುವ ಕೆಲಸವನ್ನು ಮಡಿವಾಳಪ್ಪ ತಾನೇ ಕೇಳಿ ವಹಿಸಿಕೊಂಡ. ತಪ್ಪು ಮಾಡಿದವನು ನಾನೇ ಎಂದು ಪ್ರತಿಯೊಬ್ಬರಿಗೂ ಹೇಳಿದ. ನವಲಗುಂದದ ಒಬ್ಬ ಮುದುಕಿ ಲಕೋಟೆ ಒಡೆಯದೆ ಮಡಿಲಲ್ಲಿ ಕಟ್ಟಿಕೊಂಡು, "ಇರ್ಲಿ ಬಿಡಪಾ, ಇನ್ನೂ ಒಂದು ಮಾತು ಐತಿ ಅಂತ ಇರ್ತೇನಿ" ಎಂದು ಹೋದಳು. ಹುಬ್ಬಳ್ಳಿಯ ಒಬ್ಬ ವಕೀಲ ಅಲ್ಲೇ ಓದಿ, ಹರಿದು ಚೂರು ಮಾಡಿ, ಆಮೇಲೆ ನೆಲದ ಮೇಲೆ ಕೂತು ಆ ಚೂರುಗಳನ್ನು ಆರಿಸತೊಡಗಿದ. ಒಬ್ಬಾಕೆ ಮಡಿವಾಳಪ್ಪನ ಕೊರಳಪಟ್ಟಿ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ. ಯಾರು ಏನೇ ಅಂದರೂ ಕೇಳುತ್ತ ನಿಂತ.

ತಿಂಗಳು ಕಳೆದು, ಬರುವವರು ನಿಂತ ಮೇಲೆ, ಒಂದು ಹಾಳೆಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೆಳಗಿನ ರೈಲಿಗೆ ಬಾದಾಮಿಗೆ ಹೋದ. ಅಲ್ಲಿಂದ ಬಸ್ಸಿನಲ್ಲಿ ಗುಳೇದಗುಡ್ಡ.

ಓಣಿಯ ತುಂಬ ಖಣ ನೇಯುವ ಮಗ್ಗಗಳ ಸದ್ದು. ದಾಕ್ಷಾಯಣಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯಲ್ಲಿ ಅವಳೇ ಮಗ್ಗದ ಮುಂದೆ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕಕ್ಕೆ ತಿರುಗಿದಾಗ ಕೆನ್ನೆಯ ಗೆರೆ ಥೇಟು ನೀಲಾಳದೇ.

"ಯಾರು ಬೇಕ್ರಿ?" ಎಂದವಳು, ಕಣ್ಣು ಕಿರಿದು ಮಾಡಿ ನೋಡಿ, ಮಗ್ಗ ನಿಲ್ಲಿಸಿದಳು. "ಮಾಮಾ."

ಬಾ ಎನ್ನಲಿಲ್ಲ. ಅವನು ಹೊಸ್ತಿಲಾಚೆಯೇ ನಿಂತ.

"ನೀಲಾ ನಿನ್ನ ಕೇಳಿದ್ಳು, ದಾಕ್ಷಾಯಣಿ. ಅದನ್ನ ಹೇಳಾಕ ಬಂದೆ."

"ಯಾವಾಗ ಕೇಳಿದ್ಳು?"

"ಜಡ್ಡಿಗೆ ಬಿದ್ದ ಮೊದಲನೇ ವರ್ಷ."

"ಅಂದ್ರ ಹನ್ನೆರಡು ವರ್ಷದ ಹಿಂದಿನ ಮಾತು." ದಾಕ್ಷಾಯಣಿ ನಕ್ಕಳು. ಕೇಳಲಾಗದಂಥ ನಗು. "ಅಕ್ಕ ಸತ್ತದ್ದು ನಾ ಎಲ್ಲಿ ಕೇಳಿದೆ ಗೊತ್ತದ ಏನ್ರಿ? ಸಂತ್ಯಾಗ. ಬದನಿಕಾಯಿ ಆರಸಾಕತ್ತಿದ್ದೆ. ಯಾರೋ ಧಾರವಾಡದವರು ಮಾತಾಡಕೋತ ನಿಂತಿದ್ರು. ಮಣ್ಣಾಗಿ ಎಂಟು ದಿನ ಆಗಿತ್ತಂತ."

ಮಡಿವಾಳಪ್ಪ ಹೇಳಬೇಕೆಂದಿದ್ದನ್ನೆಲ್ಲ ಹೇಳಿದ. ಜಾಲರಿ, ಫೈಲು, ಓದುಗ, ದಿನದ ಕಡೆಯ ಸಾಲು ಬಿಟ್ಟುಹೋಗುತ್ತಿದ್ದದ್ದು. ಎಲ್ಲ ಮುಗಿದ ಮೇಲೆ ಅವಳು ಎದ್ದು ಹೊಸ್ತಿಲ ಹತ್ತಿರ ಬಂದಳು.

"ಪ್ರೋಗ್ರಾಮು ಓದಲಿಲ್ಲ, ಆತು. ನೀವು? ಒಂದ ಹೊಟ್ಟ್ಯಾಗ ಹುಟ್ಟಿದವರು. ಆಕಿ ಕೈ ಕಾಲು ಬಾಯಿ ಹೋಗಿ ಮಲಗಿದಾಗ ತಂಗಿನ್ನ ಕರಸಬೇಕು ಅಂತ ಹಾಳ್ಯಾಗ ಬರದ ಬರಬೇಕಿತ್ತೇನ್ರಿ ನಿಮಗ? ತಿಳೀಲಿಲ್ಲೇನು?"

ಓಣಿಯ ಮಗ್ಗಗಳ ಸದ್ದು ನಡೆದೇ ಇತ್ತು. ಅವನಿಗೆ ಏನೇನೋ ಹೇಳಬಹುದಿತ್ತು. ಅವಳೇ ಬೇಡವೆಂದಿದ್ದಳು ಎನ್ನಬಹುದಿತ್ತು, ಜಗಳ ನಿಮ್ಮಿಬ್ಬರದು ಎನ್ನಬಹುದಿತ್ತು.

"ತಿಳೀಬೇಕಿತ್ತು" ಎಂದ. "ತಿಳೀಲಿಲ್ಲ."

ಅವಳು ಕೈ ಚಾಚಿದಳು. ಅವನು ಜೇಬಿನಿಂದ ಹಾಳೆ ತೆಗೆದು ಕೊಟ್ಟ. ತಂಗಿಯ ಹೆಸರಿದ್ದ ಸಾಲುಗಳನ್ನಷ್ಟೇ ಆರಿಸಿ ಅಚ್ಚು ಮಾಡಿ ತಂದಿದ್ದ. ದಾಕ್ಷಾಯಣಿ ಬಾಗಿಲ ಬೆಳಕಿಗೆ ಹಿಡಿದು, ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ ಓದಿದಳು. ಬರೂದಿಲ್ಲ ಅಂದ್ಳೇನು ಎಂಬಲ್ಲಿಗೆ ಬಂದಾಗ ಬೆರಳು ನಿಂತು, ಬಹಳ ಹೊತ್ತಿನ ಮೇಲೆ ಮುಂದಕ್ಕೆ ಸರಿಯಿತು. ಕೆಳತುದಿಗೆ ಬಂದಾಗ ತಲೆಯೆತ್ತಿದಳು.

"'ದಾಕ್ಷಿ ಬಂದ್ರ'... ಮುಂದ?"

"ಅಷ್ಟ ಐತಿ."

"ಇದನ್ನೂ ನಿಮ್ಮ ಯಂತ್ರ ತಿಂತೇನು?"

"ಇಲ್ಲವಾ. ಹತ್ತು ಸಲ ನೋಡೀನಿ. ಆಕಿ ಅಷ್ಟ ಹೇಳ್ಯಾಳ."

ಅವಳು ಹಾಳೆಯನ್ನು ಮಡಿಸಲಿಲ್ಲ. ಹಿಡಿದುಕೊಂಡೇ ಒಳಗೆ ಹೋದಳು. ಅವನನ್ನು ಹೋಗು ಎನ್ನಲಿಲ್ಲ, ಕೂಡು ಎಂದೂ ಹೇಳಲಿಲ್ಲ. ಮಡಿವಾಳಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ. ಎದುರು ಮನೆಯ ಹೆಂಗಸೊಬ್ಬಳು ಬಣ್ಣದ ನೂಲು ಒಣಹಾಕುತ್ತ ಅವನನ್ನೇ ನೋಡಿದಳು. ಬಿಸಿಲು ಕಟ್ಟೆಯಿಂದ ಗೋಡೆಗೆ ಏರಿತು. ಒಳಗೆ ಪಾತ್ರೆಯ ಸದ್ದಿಲ್ಲ, ಅಳುವ ಸದ್ದೂ ಇಲ್ಲ.

ಆಮೇಲೆ ಕೇಳಿಸಿತು. ನಡುಮನೆಯ ಕತ್ತಲಿನಿಂದ, ಅವಸರವಿಲ್ಲದ, ಪಕ್ಕದಲ್ಲಿ ಕೂತವರೊಡನೆ ಮಾತಾಡುವಂಥ ದನಿ.

"ಬಂದೀನಿ ಅಕ್ಕಾ. ಹೇಳು."

ಮುಂದೆ ಮಾತು ಬರಲಿಲ್ಲ. ಉತ್ತರಕ್ಕೆ ಕಾಯುವವರು ಎಷ್ಟು ಹೊತ್ತು ಸುಮ್ಮನಿರುತ್ತಾರೋ ಅಷ್ಟು ಹೊತ್ತು ಆ ಮನೆ ಸುಮ್ಮನಿತ್ತು. ಮಡಿವಾಳಪ್ಪ ಎದ್ದು, ಕಟ್ಟೆಯಿಂದ ಸದ್ದಾಗದಂತೆ ಇಳಿದು, ಬಸ್ ನಿಲ್ದಾಣದ ದಾರಿ ಹಿಡಿದ.